ಔಷಧಿ ಇಲ್ಲದ ಹನಿಯೂ ಹಾಯೆನಿಸುತ್ತೆ

ಓದುಗರ ಪ್ರಶ್ನೆ, ಕಣ್ಣಿನ ಡಾಕ್ಟರ ಉತ್ತರ

ಕಳೆದ ಸಲ ಒಣಕಣ್ಣಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ, ಒಂದೇ ತರಹದವನ್ನು ಸೇರಿಸಿ ಐದು ಮಾಡಿಕೊಂಡಿದ್ದೇನೆ. ಮೊದಲನೆಯದು ಅಪರೂಪದ ಪ್ರಶ್ನೆ, ಅದಕ್ಕೇ ಅದರ ಉತ್ತರ ಉದ್ದ ಆಯ್ತು. ಸ್ವಲ್ಪ ಸಹಿಸಿಕೊಳ್ಳಿ.

ಪ್ರಶ್ನೆ: ನನಗೆ 47 ವರ್ಷ. ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ. ಎರಡು ವರ್ಷದಿಂದ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಸಂಜೆಯಾದರೆ ಉರಿ. ಡ್ರಾಪ್ಸ್ ಮೂರು ಸಲ ಬದಲಾಯಿಸಿದ್ದಾಯ್ತು. ಈಗ ನಮ್ಮ ಡಾಕ್ಟ್ರು, ಹೊಸ ಡ್ರಾಪ್ಸ್ ಒಂದರ ಟ್ರಯಲ್ ನಡೆಯುತ್ತಿದೆ, 12 ವಾರ, ಸೇರುತ್ತೀರಾ ಅಂತ ಕೇಳಿದ್ದಾರೆ. ಅರ್ಧ ಜನಕ್ಕೆ ಔಷಧಿ ಇಲ್ಲದ ಹನಿ ಕೊಡುತ್ತಾರಂತೆ. ಮೂರು ತಿಂಗಳು ಬರೀ ನೀರು ಹಾಕಿಕೊಂಡು ಕೂರಬೇಕಾ? ಮನೆಯಲ್ಲಂತೂ ‘ನೀನೇನು ಪ್ರಯೋಗಪಶುವಾ’ ಅಂತ ಬೈಯುತ್ತಿದ್ದಾರೆ.

ಉತ್ತರ: ಬೈಯಲಿ ಬಿಡಿ, ಕಾಳಜಿ ಇರುವವರೇ ಬೈಯುವುದು. ಆದರೆ ‘ಬರೀ ನೀರು’ ಅಂದಿರಲ್ಲ, ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಒಣಕಣ್ಣಿನ ಔಷಧಿ ಪರೀಕ್ಷೆಯ ಅಷ್ಟೂ ತಾಪತ್ರಯ ಇರುವುದು ಅಲ್ಲೇ.

ಔಷಧಿ ಇಲ್ಲದ ಹನಿ ಅಂದರೆ ನಲ್ಲಿ ನೀರಲ್ಲ. ಹೊಸ ಡ್ರಾಪ್ಸ್‌ನಲ್ಲಿ ಏನೇನಿದೆಯೋ ಅದೆಲ್ಲ ಇದರಲ್ಲೂ ಇರುತ್ತದೆ, ಔಷಧಿಯ ಅಂಶ ಒಂದನ್ನು ಬಿಟ್ಟು. ಟ್ರಯಲ್ ನಡೆಸುವವರು ಇದಕ್ಕೆ ‘ವೆಹಿಕಲ್’ ಅನ್ನುತ್ತಾರೆ, ಔಷಧಿಯನ್ನು ಹೊತ್ತು ತರುವ ಗಾಡಿ ಅಂತ. ತಲೆನೋವಿನ ಮಾತ್ರೆಯ ಪರೀಕ್ಷೆಯಲ್ಲಿ ಹುಸಿ ಮಾತ್ರೆ ನುಂಗಿದರೆ ಅದು ತಾನಾಗಿ ತಲೆಗೆ ಏನೂ ಮಾಡುವುದಿಲ್ಲ. ಕಣ್ಣಿನ ಕಥೆ ಹಾಗಲ್ಲ. ಒಣಗಿದ ಕಣ್ಣಿಗೆ ಖಾಲಿ ಗಾಡಿ ಬಂದರೂ ಅದರ ಜೊತೆ ತೇವ ಬಂತಲ್ಲ, ರೆಪ್ಪೆ ಜಾರುವಷ್ಟು ನುಣುಪು ಬಂತಲ್ಲ! ಅಂದರೆ ಇಲ್ಲಿ ಹುಸಿ ಹನಿಯೂ ಅರ್ಧ ಚಿಕಿತ್ಸೆಯೇ. ಹಾಗಾಗಿ ಖಾಲಿ ಗುಂಪಿಗೆ ಬಿದ್ದವರೂ ಎಷ್ಟೋ ಸಲ ‘ನನಗೆ ವಾಸಿ ಡಾಕ್ಟ್ರೇ’ ಅನ್ನುತ್ತಾರೆ. ಸುಳ್ಳು ಹೇಳುವುದಲ್ಲ, ನಿಜವಾಗಲೂ ವಾಸಿಯಾಗಿರುತ್ತದೆ.

ಕೆಲವು ಟ್ರಯಲ್‌ಗಳಲ್ಲಿ ಉಪ್ಪುನೀರಿನ ಹನಿ ಕೊಡುವುದೂ ಉಂಟು. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಪರ್‌ಫ್ಲೋರೋಹೆಕ್ಸಿಲ್‌ಆಕ್ಟೇನ್ ಅನ್ನುವ ಡ್ರಾಪ್ಸ್‌ನಲ್ಲಿ ನೀರೇ ಇಲ್ಲ, ಬಾಟಲಿ ತುಂಬ ಔಷಧಿಯೇ. ಅದನ್ನು ತೆಗೆದರೆ ಉಳಿಯುವುದು ಖಾಲಿ ಬಾಟಲಿ. ಗಾಡಿಯೇ ಇಲ್ಲದ ಮೇಲೆ ಏನು ಕೊಡುವುದು? ಉಪ್ಪುನೀರು ಕೊಟ್ಟು ಹೋಲಿಸಿದರು.

ಇನ್ನೊಂದು ವಿಷಯ ಇದೆ, ಜನ ಟ್ರಯಲ್‌ಗೆ ಸೇರುವುದು ಯಾವಾಗ ಹೇಳಿ? ಕಣ್ಣು ತೀರಾ ಕಾಡುವಾಗ. ಒಣಕಣ್ಣು ಏರಿಳಿತದ ಕಾಯಿಲೆ, ಗಾಳಿ ಬದಲಾದರೆ, ಕೆಲಸ ಕಡಿಮೆಯಾದರೆ, ನಾಲ್ಕು ದಿನ ಚೆನ್ನಾಗಿ ನಿದ್ದೆ ಬಂದರೆ ತಾನಾಗಿಯೇ ಇಳಿಯುತ್ತದೆ, ಆಮೇಲೆ ಮತ್ತೆ ಏರುತ್ತದೆ. ತುತ್ತತುದಿಯಲ್ಲಿದ್ದಾಗ ಸೇರಿದವರಿಗೆ ಮುಂದೆ ಇಳಿಯುವ ದಾರಿಯೇ ಜಾಸ್ತಿ. ಆ ಇಳಿತದ ಕೀರ್ತಿ ಹೊಸ ಬಾಟಲಿಗೆ ಹೋಗುತ್ತದೆ. ಇದನ್ನು ತಡೆಯುವುದಕ್ಕೇ ಎಷ್ಟೋ ಟ್ರಯಲ್‌ಗಳಲ್ಲಿ ಮೊದಲ ಎರಡು ವಾರ ಎಲ್ಲರಿಗೂ ಖಾಲಿ ಹನಿಯನ್ನೇ ಕೊಟ್ಟು ನೋಡುತ್ತಾರೆ. ಅಷ್ಟರಲ್ಲೇ ಹುಷಾರಾದವರನ್ನು ‘ನಿಮಗೆ ಇಷ್ಟೇ ಸಾಕು’ ಅಂತ ಮನೆಗೆ ಕಳಿಸಿ, ಉಳಿದವರನ್ನು ಮಾತ್ರ ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪು ಅನ್ನುವುದು ನಿಮಗೂ ಗೊತ್ತಿರುವುದಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಸಿಗುವ ವ್ಯತ್ಯಾಸ ಎಷ್ಟು ಸಣ್ಣದು ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಸೈಕ್ಲೋಸ್ಪೊರಿನ್ ಡ್ರಾಪ್ಸ್‌ಗೆ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಪರೀಕ್ಷೆಯಲ್ಲಿ ಕಣ್ಣೀರು ಅಳೆಯುವ ಕಾಗದದ ಪಟ್ಟಿ 10 ಮಿಲಿಮೀಟರ್ ಜಾಸ್ತಿ ಒದ್ದೆಯಾದದ್ದು ಔಷಧಿ ಹಾಕಿಕೊಂಡವರಲ್ಲಿ ನೂರಕ್ಕೆ 15 ಜನರಿಗೆ. ಖಾಲಿ ಹನಿಯವರಲ್ಲಿ ನೂರಕ್ಕೆ ಸುಮಾರು 5 ಜನರಿಗೆ. ಮೂರು ಪಟ್ಟು ಅಂತ ಹೇಳಬಹುದು, ನೂರರಲ್ಲಿ 85 ಜನಕ್ಕೆ ಅಷ್ಟು ಬದಲಾವಣೆ ಆಗಲಿಲ್ಲ ಅಂತಲೂ ಹೇಳಬಹುದು. ಎರಡೂ ನಿಜ! ಜಾಹೀರಾತಿನಲ್ಲಿ ಯಾವುದು ಬರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹೋಲಿಕೆ ಇಲ್ಲದಿದ್ದರೆ ಹೇಗೆ ಮೋಸ ಹೋಗುತ್ತೇವೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ, ಇದು ಹನಿಯದ್ದಲ್ಲ, ಮಾತ್ರೆಯದ್ದು. ಮೀನೆಣ್ಣೆಯ ಒಮೆಗಾ-3 ಮಾತ್ರೆ ಒಣಕಣ್ಣಿಗೆ ಒಳ್ಳೆಯದು ಅಂತ ನಾವು ಡಾಕ್ಟರುಗಳೇ ವರ್ಷಗಟ್ಟಲೆ ಬರೆದುಕೊಟ್ಟೆವು, ನಾನೂ ಬರೆದುಕೊಟ್ಟಿದ್ದೇನೆ. ನುಂಗಿದವರು ಬಂದು ‘ಪರವಾಗಿಲ್ಲ’ ಅನ್ನುತ್ತಿದ್ದರು. 2018ರಲ್ಲಿ ಡ್ರೀಮ್ ಅನ್ನುವ ಅಧ್ಯಯನದ ಫಲಿತಾಂಶ ಹೊರಬಂತು. 535 ಜನ, ಒಂದು ವರ್ಷ, ಕೆಲವರಿಗೆ ಮೀನೆಣ್ಣೆ, ಉಳಿದವರಿಗೆ ಆಲಿವ್ ಎಣ್ಣೆ. ಮೀನೆಣ್ಣೆಯವರಲ್ಲಿ ನೂರಕ್ಕೆ 61 ಜನರಿಗೆ ತೊಂದರೆ ಗುರುತಿಸುವಷ್ಟು ಕಡಿಮೆಯಾಗಿತ್ತು. ಆಲಿವ್ ಎಣ್ಣೆಯವರಲ್ಲಿ 54 ಜನರಿಗೆ! ಇಷ್ಟು ಅಂತರ ಕಾಕತಾಳೀಯವಾಗಿಯೂ ಬರಬಹುದು ಅಂತ ತೀರ್ಮಾನವಾಯ್ತು. ಇನ್ನೊಂದು ಗುಂಪು ಇಲ್ಲದೆ ಹೋಗಿದ್ದರೆ ಆ 61 ನೋಡಿ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಅರ್ಧ ಜನಕ್ಕೆ ಖಾಲಿ ಹನಿ ಯಾಕೆ ಕೊಡುತ್ತಾರೆ ಅಂತ ಈಗ ಗೊತ್ತಾಯ್ತಲ್ವಾ?

ಸರಿ, ಹೋದರೆ ಅಲ್ಲಿ ಏನು ಮಾಡುತ್ತಾರೆ? ನೋವಿನದ್ದು ಏನೂ ಇರುವುದಿಲ್ಲ. 12 ಪ್ರಶ್ನೆಗಳ ಒಂದು ಪಟ್ಟಿ ಕೊಡಬಹುದು, ಕಳೆದ ಒಂದು ವಾರದಲ್ಲಿ ಓದುವಾಗ ಎಷ್ಟು ತೊಂದರೆ, ಗಾಳಿಗೆ ಹೋದಾಗ ಎಷ್ಟು ಅಂತೆಲ್ಲ. ಅದಕ್ಕೆ 0ಯಿಂದ 100ರವರೆಗೆ ಅಂಕ, ಶಾಲೆಗೆ ಉಲ್ಟಾ, ಇಲ್ಲಿ ಜಾಸ್ತಿ ಬಂದವರ ಕಣ್ಣೇ ಜಾಸ್ತಿ ಹಾಳು. 13 ದಾಟಿದರೆ ಒಣಕಣ್ಣಿನ ಲೆಕ್ಕ. ಆಮೇಲೆ ಫ್ಲೋರೆಸಿನ್ ಅನ್ನುವ ಬಣ್ಣ ಮುಟ್ಟಿಸಿ ನೀಲಿ ಬೆಳಕಲ್ಲಿ ನೋಡುತ್ತಾರೆ, ಕಣ್ಣಿನ ಮೇಲ್ಪದರ ಹಾಳಾದ ಕಡೆ ಅದು ಚುಕ್ಕಿಯಾಗಿ ಹಿಡಿಯುತ್ತದೆ. ಕಣ್ಣು ಮಿಟುಕಿಸದೆ ಇದ್ದರೆ ಕಣ್ಣೀರಿನ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಅಂತ ಎಣಿಸುತ್ತಾರೆ. 10 ಸೆಕೆಂಡಿಗೆ ಮೊದಲೇ ಒಡೆದರೆ ಪೊರೆ ಗಟ್ಟಿ ಇಲ್ಲ ಅಂತ. ಕಾಗದದ ಪಟ್ಟಿಯ ಷಿರ್ಮರ್ ಪರೀಕ್ಷೆಯೂ ಇರುತ್ತದೆ. ಕೆಳರೆಪ್ಪೆಗೆ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಬೇಕು. ಓಟೊ ಷಿರ್ಮರ್ ಅನ್ನುವ ಜರ್ಮನ್ ವೈದ್ಯರು 1903ರಲ್ಲಿ ಹೇಳಿಕೊಟ್ಟದ್ದು, ನೂರಿಪ್ಪತ್ತು ವರ್ಷ ದಾಟಿದರೂ ಅದಕ್ಕಿಂತ ಅಗ್ಗದ ಅಳತೆಗೋಲು ನಮಗೆ ಸಿಕ್ಕಿಲ್ಲ. ಅದು ಅಷ್ಟೇನೂ ನಂಬಿಕಸ್ಥ ಅಲ್ಲ ಅನ್ನುವುದು ಬೇರೆ ಮಾತು. ಇವತ್ತು 6 ಮಿಲಿಮೀಟರ್ ತೋರಿಸಿದ ಕಣ್ಣು ನಾಳೆ 11 ತೋರಿಸಬಹುದು.

ಇನ್ನು ಈ ಅಳತೆಗೂ ರೋಗಿಯ ಮಾತಿಗೂ ತಾಳೆಯೇ ಆಗುವುದಿಲ್ಲ! ಕಣ್ಣು ತುಂಬ ಚುಕ್ಕಿ ಚುಕ್ಕಿ ಬಣ್ಣ ಹಿಡಿದಿರುತ್ತದೆ, ಅವರು ‘ಏನೂ ತೊಂದರೆ ಇಲ್ಲ’ ಅನ್ನುತ್ತಾರೆ. ಇನ್ನೊಬ್ಬರ ಕಣ್ಣು ನೋಡಲು ಚೆನ್ನಾಗಿಯೇ ಇರುತ್ತದೆ, ಉರಿ ತಾಳಲಾರದೆ ಅಳುತ್ತಿರುತ್ತಾರೆ. ಅದಕ್ಕೇ ಅಮೆರಿಕದ ಔಷಧಿ ನಿಯಂತ್ರಕರು ಹೊಸ ಡ್ರಾಪ್ಸ್ ತಂದವರನ್ನು ಸಾಮಾನ್ಯವಾಗಿ ಎರಡೂ ಕೇಳುತ್ತಾರೆ, ಕಣ್ಣಲ್ಲಿ ಕಾಣುವ ಲಕ್ಷಣವೂ ಸುಧಾರಿಸಿರಬೇಕು, ಜನಕ್ಕೆ ಅನ್ನಿಸುವ ತೊಂದರೆಯೂ ಇಳಿದಿರಬೇಕು. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಎಡವಿದ ಡ್ರಾಪ್ಸ್‌ಗಳು ಬೇಕಾದಷ್ಟಿವೆ.

ಸಹಿ ಹಾಕುವ ಮೊದಲು ಕೇಳಿಕೊಳ್ಳಿ: ಇದು ಎಷ್ಟನೇ ಹಂತದ ಟ್ರಯಲ್? ಮೂರನೇ ಹಂತ ಅಂದರೆ ಈಗಾಗಲೇ ಒಂದಷ್ಟು ಜನರ ಕಣ್ಣಿಗೆ ಬಿದ್ದು ಬಂದ ಡ್ರಾಪ್ಸ್. ಮೊದಲ ಹಂತ ಅಂದರೆ ಮನುಷ್ಯರ ಕಣ್ಣಿಗೆ ಹೊಸದು. ನನ್ನ ಹಳೆಯ ಡ್ರಾಪ್ಸ್ ನಿಲ್ಲಿಸಬೇಕಾ? ಬಹಳಷ್ಟು ಕಡೆ ನಿಲ್ಲಿಸಲೇಬೇಕು, ಆ ಮೊದಲ ವಾರಗಳು ಕಷ್ಟ, ಗೊತ್ತಿರಲಿ. ಗ್ಲಾಕೋಮಾಕ್ಕೆ, ಅಂದರೆ ಕಣ್ಣಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆಗೆ, ಡ್ರಾಪ್ಸ್ ಹಾಕುತ್ತಿದ್ದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ, ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದ್ದರೆ ಮುಚ್ಚಿಡಬೇಡಿ. ಏನಾದರೂ ಹೆಚ್ಚುಕಡಿಮೆಯಾದರೆ ಚಿಕಿತ್ಸೆಯ ಹೊಣೆ ಯಾರದ್ದು ಅನ್ನುವುದು ಕಾಗದದಲ್ಲಿ ಬರೆದಿರಬೇಕು, ಬಾಯಿಮಾತು ಸಾಲದು. ರಾತ್ರಿ ಹೊತ್ತು ಫೋನ್ ಮಾಡಲು ನಂಬರ್ ಇರಬೇಕು. ಮುಖ್ಯವಾಗಿ, ಯಾವತ್ತು ಬೇಕಾದರೂ ಕಾರಣ ಹೇಳದೆ ಬಿಟ್ಟು ಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಕೂಡದು. ಇದಕ್ಕೆ ‘ನೋಡೋಣ ಬಿಡಿ’ ಅಂದರೆ ಎದ್ದು ಬನ್ನಿ.

ನನ್ನನ್ನು ಕೇಳಿದರೆ, ಮೂರನೇ ಹಂತದ್ದಾದರೆ, ನಿಮ್ಮ ಕಣ್ಣಿನ ಕಪ್ಪುಗುಡ್ಡೆಗೆ ಹಿಂದೆ ಹುಣ್ಣಾಗಿಲ್ಲದಿದ್ದರೆ, ಹೋಗಿ. ಕೊನೇಪಕ್ಷ ಮೂರು ತಿಂಗಳು ನಿಮ್ಮ ಕಣ್ಣನ್ನು ಯಾರೋ ಒಬ್ಬರು ಗಮನವಿಟ್ಟು ನೋಡುತ್ತಾರೆ. ಮಾಮೂಲಿ ಒಪಿಡಿಯಲ್ಲಿ ನಮ್ಮಿಂದ ಅದು ಆಗುತ್ತಿಲ್ಲ, ಒಪ್ಪಿಕೊಳ್ಳುತ್ತೇನೆ.

ಪ್ರಶ್ನೆ: ಒಂದು ಹನಿ ಹಾಕಿದರೆ ಐದು ನಿಮಿಷ ಹಾಯ್ ಅನಿಸುತ್ತದೆ, ಆಮೇಲೆ ಮತ್ತೆ ಅದೇ ಉರಿ. ಹಾಗಾಗಿ ಒಂದೊಂದು ಸಲಕ್ಕೆ ಎರಡು ಮೂರು ಹನಿ, ದಿನಕ್ಕೆ ಹತ್ತು ಸಲ ಹಾಕುತ್ತಿದ್ದೇನೆ. ಕಮ್ಮಿ ಆಗುವ ಬದಲು ಜಾಸ್ತಿ ಆಗಿದೆ.

ಉತ್ತರ: ಎರಡನೇ ಹನಿ ನಿಮ್ಮ ಕೆನ್ನೆಗೆ ಹೋಗುತ್ತಿದೆ. ಕಣ್ಣಲ್ಲಿ ಮಾಮೂಲಿಯಾಗಿ ಇರುವ ಕಣ್ಣೀರು ಸುಮಾರು 7 ರಿಂದ 10 ಮೈಕ್ರೊಲೀಟರ್. ಬಾಟಲಿಯಿಂದ ಬೀಳುವ ಒಂದು ಹನಿ 30 ರಿಂದ 50. ಕಣ್ಣು ಒಂದು ಕ್ಷಣ ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ 30. ಅಂದರೆ ಮೊದಲ ಹನಿಗೇ ಜಾಗ ಸಾಲದು.

ಜಾಸ್ತಿ ಆಗಿರುವುದಕ್ಕೆ ಕಾರಣ ಬಹುಶಃ ಬಾಟಲಿಯ ಮೇಲೆಯೇ ಬರೆದಿರುತ್ತದೆ, ಭೂತಗನ್ನಡಿ ಹಿಡಿದು ಓದಿ. ಬೆಂಜಲ್ಕೋನಿಯಂ ಕ್ಲೋರೈಡ್ ಅಂತ ಇದೆಯಾ? ಬಾಟಲಿ ತೆರೆದ ಮೇಲೆ ಕೀಟಾಣು ಬೆಳೆಯದಿರಲಿ ಅಂತ ಹಾಕುವ ಪ್ರಿಸರ್ವೇಟಿವ್ ಅದು. ಸೋಪಿನ ಜಾತಿಯದ್ದು. ಸೋಪು ಜಿಡ್ಡನ್ನು ಏನು ಮಾಡುತ್ತದೋ ಅದನ್ನೇ ಕಣ್ಣೀರಿನ ಮೇಲಿನ ಎಣ್ಣೆ ಪದರಕ್ಕೂ ಮಾಡುತ್ತದೆ. ದಿನಕ್ಕೆ ಎರಡು ಸಲ ಆದರೆ ಹೇಗೋ ನಡೆಯುತ್ತದೆ, ಹತ್ತು ಸಲ ಆದರೆ ಉರಿ ಆರಿಸಲು ಹಾಕಿದ್ದೇ ಉರಿ ತರುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಹಾಕುವವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಬೇಕು, ಒಂದು ಸಲಕ್ಕೆ ಒಂದು ಮುರಿಯುವ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಆಗಲಿ, ಅದಕ್ಕೆಂದೇ ಮಾಡಿದ ಬಾಟಲಿ ಆಗಲಿ.

ಹಾಕುವ ರೀತಿಯೂ ಹೇಳಿಬಿಡುತ್ತೇನೆ. ಕೈ ತೊಳೆದು, ಕೆಳರೆಪ್ಪೆ ಎಳೆದು, ಆ ಜೇಬಿನ ಒಳಗೆ ಒಂದೇ ಹನಿ. ಬಾಟಲಿ ಮೂತಿ ಕಣ್ಣಿಗೆ, ರೆಪ್ಪೆಗೆ ತಾಗಬಾರದು. ಆಮೇಲೆ ಪಟಪಟ ಅಂತ ಕಣ್ಣು ಮಿಟುಕಿಸಬೇಡಿ, ಮೆಲ್ಲಗೆ ಮುಚ್ಚಿ ಒಂದೆರಡು ನಿಮಿಷ ಸುಮ್ನೆ ಇರಿ. ಎರಡು ಬೇರೆ ಬೇರೆ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ.

ಪ್ರಶ್ನೆ: ನನ್ನ ಕಣ್ಣಲ್ಲಿ ಸದಾ ನೀರು ಸುರಿಯುತ್ತದೆ. ಡಾಕ್ಟ್ರು ನೋಡಿದರೆ ‘ಒಣಕಣ್ಣು’ ಅಂತಾರೆ. ಅವರು ಸರಿಯಾಗಿ ನೋಡಿದ್ದಾರಾ?

ಉತ್ತರ: ನೋಡಿದ್ದಾರೆ. ಕಣ್ಣೀರು ಬರೀ ನೀರಲ್ಲ. ಕೆಳಗೆ ಅಂಟಾದ ಪದರ, ನಡುವೆ ನೀರು, ಮೇಲೆ ತೆಳ್ಳಗೆ ಎಣ್ಣೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನ ಮೈಬೋಮಿಯನ್ ಗ್ರಂಥಿಗಳಿಂದ. ಅವು ಕಟ್ಟಿಕೊಂಡರೆ ಎಣ್ಣೆ ಬರುವುದಿಲ್ಲ, ನೀರು ಬೇಗ ಆರುತ್ತದೆ, ಕಣ್ಣು ಉರಿಯುತ್ತದೆ. ಉರಿದ ತಕ್ಷಣ ಕಣ್ಣೀರಿನ ದೊಡ್ಡ ಗ್ರಂಥಿಗೆ ಸುದ್ದಿ ಹೋಗಿ ಅಲ್ಲಿಂದ ದಡದಡ ಅಂತ ನೀರು ಸುರಿಯುತ್ತದೆ. ಅದು ನಿಲ್ಲುವುದಿಲ್ಲ, ಕೆನ್ನೆಗೆ ಇಳಿದು ಹೋಗುತ್ತದೆ. ಒಣಕಣ್ಣಿನವರಲ್ಲಿ ನೀರು ಕಮ್ಮಿ ಇರುವವರಿಗಿಂತ ಹೀಗೆ ಬೇಗ ಆರಿಹೋಗುವವರೇ ಜಾಸ್ತಿ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು, ಚರ್ಮ ಸುಡದಷ್ಟು ಬಿಸಿ ಸಾಕು, ಮುಚ್ಚಿದ ರೆಪ್ಪೆಯ ಮೇಲೆ 5 ರಿಂದ 10 ನಿಮಿಷ ಇಡಿ. ಬಟ್ಟೆ ಆರುತ್ತಿದ್ದಂತೆ ಮತ್ತೆ ಅದ್ದಿ ಇಡಬೇಕು, ಜನ ತಪ್ಪುವುದೇ ಇಲ್ಲಿ. ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ಮೆಲ್ಲಗೆ ಒತ್ತಿ. ಪರದೆ ನೋಡುವಾಗ ಕಣ್ಣು ಮಿಟುಕಿಸುವುದನ್ನೇ ಮರೆಯುತ್ತೇವೆ, ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ಕಣ್ಣು ಅರ್ಧಕ್ಕೂ ಕಮ್ಮಿ ಮಿಟುಕುತ್ತದೆ. ಮಿಟುಕಿಸದಿದ್ದರೆ ಎಣ್ಣೆ ಹರಡುವುದಿಲ್ಲ.

ಇಷ್ಟು ಮಾಡಿಯೂ ನೀರು ನಿಲ್ಲದಿದ್ದರೆ ಕಣ್ಣೀರು ಮೂಗಿಗೆ ಇಳಿಯುವ ನಾಳ ಕಟ್ಟಿದೆಯಾ ಅಂತ ನೋಡಿಸಿ.

ಪ್ರಶ್ನೆ: ಹೊಸದಾಗಿ ಬರೆದುಕೊಟ್ಟ ಡ್ರಾಪ್ಸ್ ಹಾಕಿದರೆ ಉರಿಯುತ್ತದೆ, ಗಂಟಲಲ್ಲಿ ಏನೋ ಕೆಟ್ಟ ರುಚಿ ಬೇರೆ. ಎರಡು ವಾರ ನೋಡಿ ಬಿಟ್ಟೆ. ನನಗೆ ಯಾವ ಡ್ರಾಪ್ಸ್ ಆಗಿಬರುತ್ತೆ ಅಂತ ನಾನೇ ಕಂಡುಕೊಳ್ಳುವುದು ಹೇಗೆ?

ಉತ್ತರ: ರುಚಿಗೆ ಹೆದರಬೇಡಿ. ಕಣ್ಣಿನ ಮೂಲೆಯಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ ದಾರಿ ಇದೆ. ಲಿಫಿಟೆಗ್ರಾಸ್ಟ್ ಅನ್ನುವ ಡ್ರಾಪ್ಸ್‌ನಲ್ಲಂತೂ ಇದು ಎಲ್ಲರಿಗೂ ಗೊತ್ತಿರುವ ದೂರು. ಹನಿ ಹಾಕಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಕಮ್ಮಿಯಾಗುತ್ತದೆ.

ಎರಡು ವಾರಕ್ಕೆ ಬಿಟ್ಟದ್ದು ಮಾತ್ರ ಅವಸರವಾಯ್ತು. ಇಲ್ಲಿ ಎರಡು ಜಾತಿ ಇವೆ. ಕಾರ್ಬಾಕ್ಸಿಮಿಥೈಲ್‌ಸೆಲ್ಯುಲೋಸ್, ಹೈಲುರೊನೇಟ್ ಅಂತೆಲ್ಲ ಬರೆದಿರುವವು ಕೃತಕ ಕಣ್ಣೀರು, ತೇವ ಕೊಡುತ್ತವೆ, ಹಾಕಿದ ತಕ್ಷಣ ಗೊತ್ತಾಗುತ್ತದೆ. ಸೈಕ್ಲೋಸ್ಪೊರಿನ್‌ನಂಥವು ಕಣ್ಣಿನ ಒಳಗೊಳಗೇ ಇರುವ ಉರಿಯೂತ ಇಳಿಸಲು. ಅವು ಹಾಯೆನಿಸುವ ಡ್ರಾಪ್ಸ್ ಅಲ್ಲ, ಮೊದಮೊದಲು ಉರಿಯುತ್ತವೆ, ಪೂರ್ತಿ ಗುಣ ಕಾಣಲು 3 ರಿಂದ 6 ತಿಂಗಳು ಬೇಕಾಗಬಹುದು. ಇದನ್ನು ಬರೆದುಕೊಡುವಾಗಲೇ ಹೇಳದೆ ಹೋದ ಡಾಕ್ಟರದ್ದೇ ತಪ್ಪು, ನಿಮ್ಮದಲ್ಲ. ನಿಮ್ಮದು ಯಾವ ಜಾತಿ ಅಂತ ಮೊದಲು ಫೋನ್ ಮಾಡಿ ಕೇಳಿ.

ನೀವೇ ಕಂಡುಕೊಳ್ಳುವ ವಿಚಾರಕ್ಕೆ ಬಂದರೆ, ಕೃತಕ ಕಣ್ಣೀರಿನ ಮಟ್ಟಿಗೆ ಖಂಡಿತ ಮಾಡಬಹುದು. ಮೊದಲ ವಾರ ಏನೂ ಬದಲಾಯಿಸಬೇಡಿ, ದಿನಾ ಸಂಜೆ ಒಂದೇ ಹೊತ್ತಿಗೆ ಉರಿ ಎಷ್ಟು ಅಂತ ಹತ್ತಕ್ಕೆ ಅಂಕ ಹಾಕಿ ಬರೆದಿಡಿ, ಜೊತೆಗೆ ಅವತ್ತು ಪರದೆ ಎಷ್ಟು ಹೊತ್ತು, ನಿದ್ದೆ ಎಷ್ಟು, ಫ್ಯಾನ್ ಅಥವಾ ಎಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತಾ ಅಂತಲೂ. ಆಮೇಲೆ ಒಂದು ಡ್ರಾಪ್ಸ್ ಶುರು ಮಾಡಿ, ನಾಲ್ಕು ವಾರ ಅದೊಂದೇ. ಅದೇ ವಾರ ಹೊಸ ಕನ್ನಡಕ, ಬಿಸಿಬಟ್ಟೆ, ಮಾತ್ರೆ ಎಲ್ಲ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯ್ತು ಅಂತ ದೇವರಿಗೇ ಗೊತ್ತು. ನಾಲ್ಕು ವಾರ ಆದ ಮೇಲೆ ಒಂದು ವಾರ ನಿಲ್ಲಿಸಿ ನೋಡಿ. ಹಾಕಿದಾಗ ವಾಸಿಯಾಗುವುದಷ್ಟೇ ಸಾಲದು, ಬಿಟ್ಟಾಗ ಮತ್ತೆ ಹೆಚ್ಚಾಗಬೇಕು, ಆಗಲೇ ಅದು ಹನಿಯ ಗುಣ. ಒಂದು ಕಣ್ಣಿಗೆ ಒಂದು, ಇನ್ನೊಂದು ಕಣ್ಣಿಗೆ ಇನ್ನೊಂದು ಹಾಕಿ ಹೋಲಿಸುತ್ತೇನೆ ಅನ್ನುವವರಿದ್ದಾರೆ. ಮಾಡಬಹುದು, ಮನೆಯವರ ಕೈಲಿ ಲೇಬಲ್ ಮುಚ್ಚಿಸಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು. ದುಬಾರಿ ಬಾಟಲಿ ಯಾವುದು ಅಂತ ಗೊತ್ತಿದ್ದರೆ ಕಣ್ಣು ತಾನಾಗಿ ಅದರ ಪಕ್ಷ ವಹಿಸುತ್ತದೆ!

ಡಾಕ್ಟರು ಬರೆದುಕೊಟ್ಟ ಔಷಧಿಯ ಡ್ರಾಪ್ಸ್‌ನಲ್ಲಿ ಮಾತ್ರ ಈ ಆಟ ಬೇಡ. ಇನ್ನೊಂದು, ಅಲರ್ಜಿ, ಖಿನ್ನತೆ, ಮೊಡವೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಕಣ್ಣು ಒಣಗಿಸುತ್ತವೆ, ಪಟ್ಟಿ ತೋರಿಸಿ. ಬಾಯಿಯೂ ಒಣಗುತ್ತಿದ್ದರೆ, ಕೀಲು ನೋವೂ ಇದ್ದರೆ ಅದನ್ನು ಹೇಳಲೇಬೇಕು, ಶೋಗ್ರೆನ್ಸ್ ಅನ್ನುವ ಕಾಯಿಲೆ ಇರಬಹುದು, ಅದಕ್ಕೆ ರಕ್ತಪರೀಕ್ಷೆ ಆಗಬೇಕು.

ಪ್ರಶ್ನೆ: ಅತ್ತೆಯ ಡ್ರಾಪ್ಸ್ ಉಳಿದಿದೆ, ಅವರಿಗೆ ಚೆನ್ನಾಗಿ ಕೇಳಿತ್ತು. ನಾನು ಹಾಕಿಕೊಳ್ಳಬಹುದಾ?

ಉತ್ತರ: ಬೇಡ. ಅದು ಸ್ಟೀರಾಯ್ಡ್ ಆಗಿದ್ದರೆ ಎರಡೇ ದಿನಕ್ಕೆ ಕಣ್ಣು ಹಾಯೆನಿಸುತ್ತದೆ. ಹಾಗೇ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ನಿಮಗೆ ಗೊತ್ತೂ ಆಗುವುದಿಲ್ಲ. ಕೆಂಪು ಹೋಗಿಸುವ ಡ್ರಾಪ್ಸ್ ಆಗಿದ್ದರೆ ಬಿಟ್ಟ ಮೇಲೆ ಕೆಂಪು ದುಪ್ಪಟ್ಟಾಗಿ ವಾಪಸ್ ಬರುತ್ತದೆ. ಬರೀ ಕೃತಕ ಕಣ್ಣೀರೇ ಆದರೂ ತೆರೆದು ಒಂದು ತಿಂಗಳಾದ ಬಾಟಲಿ, ಇನ್ನೊಬ್ಬರ ಕಣ್ಣಿಗೆ ತಾಗಿದ ಮೂತಿ. ಅಮೆರಿಕದಲ್ಲಿ 2022-23ರಲ್ಲಿ ಕಲುಷಿತವಾಗಿದ್ದ ಕೃತಕ ಕಣ್ಣೀರಿನಿಂದ ಔಷಧಿಗೆ ಬಗ್ಗದ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಹರಡಿ, 18 ರಾಜ್ಯಗಳಲ್ಲಿ 81 ಜನರಿಗೆ ಸೋಂಕಾಯ್ತು. 14 ಜನರ ದೃಷ್ಟಿಗೆ ಪೆಟ್ಟು ಬಿತ್ತು, ನಾಲ್ವರು ತೀರಿಕೊಂಡರು. ಅದು ತಯಾರಿಸುವ ಹಂತದಲ್ಲೇ ಕೆಟ್ಟದ್ದು, ನಿಜ. ಆದರೆ ಹಳೆಯ ಬಾಟಲಿಯಲ್ಲಿ ಏನು ಬೆಳೆದಿದೆ ಅಂತ ಹೊರಗಿಂದ ನೋಡಿದರೆ ನಿಮಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಅತ್ತೆಗೆ ಹೇಳಿ ಬಿಸಾಡಿಸಿ. ಯಾವ ಡ್ರಾಪ್ಸ್ ಹಾಕಿದ ಮೇಲಾದರೂ ನೋವು ಜಾಸ್ತಿಯಾದರೆ, ಬೆಳಕು ನೋಡಲು ಆಗದಿದ್ದರೆ, ಕೀವು ಬಂದರೆ, ದೃಷ್ಟಿ ಮಬ್ಬಾದರೆ ನಿಲ್ಲಿಸಿ ಅವತ್ತೇ ಡಾಕ್ಟರ ಹತ್ತಿರ ಹೋಗಿ, ಆ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು.